ಗಡಿಯಾರದ ಸಾಹೇಬರ ಹಣ್ಣಿನಾಟ

ಸೆಲ್ಲು ಸೋರಿ ಹಸಿರುಗಟ್ಟಿದ ತಾಮ್ರಕ್ಕೊಂದು ಹುಳಿ ವಾಸನೆ ಇರುತ್ತದೆ. ಹೋದ ವಾರ ಅಂಗೈಯಗಲದ ಹಳೇ ವಿಡಿಯೋ ಗೇಮೊಂದರ ಹಿಂಬದಿ ಮುಚ್ಚಳ ಬಿಚ್ಚಿದಾಗ ಅದು ಮೂಗಿಗೆ ಬಡಿಯಿತು. ರಿಪೇರಿಗೆ ತಂದುಕೊಟ್ಟವಳು ಗಡಿಯಾರದ ಸಾಹೇಬರ ಮಗಳು. ತಂದೆಯ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ. ಒಳಗೆ, ಮೂಲೆಯಲ್ಲಿ, ಒಂದು ಒರಟು ಬೆಸುಗೆ ಕಂಡಿತು. ಇಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ನಾನೇ ಹಾಕಿದ್ದು.

ಶಿರಾದಲ್ಲಿ ನನ್ನ ರೇಡಿಯೋ ರಿಪೇರಿ ಅಂಗಡಿಗೂ ಅವರ ವಾಚಿನ ಅಂಗಡಿಗೂ ನಡುವೆ ಒಂದೇ ಗೋಡೆ. ನನಗಿಂತ ಮೂವತ್ತು ವರ್ಷ ದೊಡ್ಡವರು. ಮಾತು ಕಡಿಮೆ, ಚಹಾ ಜಾಸ್ತಿ. ನನ್ನ ಬೆಸುಗೆಯನ್ನು ಗಾರೆ ಕೆಲಸ ಎಂದು ಛೇಡಿಸುತ್ತಿದ್ದರು. ಅದು ನಿಜವೂ ಆಗಿತ್ತು.

ಆ ಗೇಮನ್ನು ಅವರ ಭಾವಮೈದುನ ದುಬೈನಿಂದ ತಂದಿದ್ದ. ಮರದಿಂದ ಉದುರುವ ಹಣ್ಣುಗಳನ್ನು ಬುಟ್ಟಿಯಲ್ಲಿ ಹಿಡಿಯುವ ಆಟ. ಎಲ್ಲರಿಗೂ ಅದು ಆಟ, ಸಾಹೇಬರಿಗೆ ಪರೀಕ್ಷೆ. ಬೆಳಿಗ್ಗೆ ಅಂಗಡಿ ತೆರೆದವರು ಕಣ್ಣಿಗೆ ಭೂತಗನ್ನಡಿ ಹಾಕುವ ಮೊದಲು ಒಂದು ಸಲ ಆಡುತ್ತಿದ್ದರು. ಮುನ್ನೂರು ಹಣ್ಣು ಹಿಡಿದರೆ ಆ ದಿನ ಹೆಂಗಸರ ಸಣ್ಣ ವಾಚು ಬಿಚ್ಚುತ್ತಿದ್ದರು. ಇಲ್ಲದಿದ್ದರೆ ಬೆಲ್ಟು, ಸೆಲ್ಲು, ಗೋಡೆ ಗಡಿಯಾರ ಅಷ್ಟೇ. ಗಿರಾಕಿ ಎಷ್ಟೇ ಗೋಗರೆದರೂ "ಇವತ್ತು ಕೈ ಸರಿಯಿಲ್ಲ, ನಾಳೆ ಬಾರಮ್ಮ" ಎಂದು ಕಳಿಸಿಬಿಡುತ್ತಿದ್ದರು. ಈ ವ್ರತ ಕಂಡು ನಾನು ಎಷ್ಟೋ ಸಲ ನಕ್ಕಿದ್ದೇನೆ.

ಒಂದು ಬೇಸಿಗೆಯಲ್ಲಿ ಗೇಮನ್ನು ನನ್ನ ಮೇಜಿನ ಮೇಲಿಟ್ಟರು. "ಬಲಗಡೆ ಬಟನ್ ಹಿಡೀತಿಲ್ಲ ಕಣಪ್ಪ. ಹತ್ತು ದಿನದಿಂದ ಇನ್ನೂರು ದಾಟಿಲ್ಲ."

ಬಿಚ್ಚಿ ನೋಡಿದೆ. ಬಟನ್ನಿನಡಿ ಒಂದಿಷ್ಟು ಕೊಳೆ ಇತ್ತು. ಒರೆಸಿಕೊಟ್ಟೆ. ನನ್ನೆದುರೇ ಆಡಿದರು. ನೂರೆಪ್ಪತ್ತಕ್ಕೆ ಮುಗಿಯಿತು. ಬಟನ್ ಸರಿಯಾಗಿಯೇ ಇತ್ತು. ನಡುಗುತ್ತಿದ್ದದ್ದು ಅವರ ಹೆಬ್ಬೆರಳು.

ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಆ ಕೈ ಬಿಟ್ಟರೆ ಅವರಿಗೆ ಬೇರೆ ಕಸುಬಿರಲಿಲ್ಲ. ಅಂಥ ಗೇಮುಗಳ ಓಟವನ್ನು ಒಳಗಿನ ಒಂದು ಪುಟ್ಟ ರೆಸಿಸ್ಟರ್ ನಿಭಾಯಿಸುತ್ತದೆ. ಜೊತೆಗೆ ಇನ್ನೊಂದನ್ನು ಸೇರಿಸಿದರೆ ಆಟ ನಿಧಾನವಾಗುತ್ತದೆ. "ಸಾಯಂಕಾಲ ಬನ್ನಿ ಸಾಹೇಬ್ರೆ, ಇನ್ನೊಂಚೂರು ಕೆಲ್ಸ ಐತೆ" ಎಂದು ಕಳಿಸಿ, ಸೇರಿಸಿಯೇಬಿಟ್ಟೆ. ಮಾರನೇ ದಿನ ಮುನ್ನೂರ ಹತ್ತು ಹಿಡಿದರು. ನನಗೆ ಚಹಾದ ಜೊತೆ ಬಿಸ್ಕತ್ತೂ ಬಂತು. ದೊಡ್ಡ ಉಪಕಾರ ಮಾಡಿದೆನೆಂದು ಬೀಗಿದೆ, ಪೆದ್ದ.

ಎರಡು ತಿಂಗಳ ನಂತರ ಬಡವನಹಳ್ಳಿ ಕಡೆಯ ಸೂಲಗಿತ್ತಿ ನರ್ಸಮ್ಮ ತಮ್ಮ ಪುಟ್ಟ ವಾಚು ತಂದರು. ಆ ಭಾಗದ ಎಷ್ಟೋ ಬಾಣಂತಿಯರ ನಾಡಿ ಎಣಿಸಿದ ವಾಚು. ಆ ಬೆಳಿಗ್ಗೆಯೂ ಸಾಹೇಬರು ಪರೀಕ್ಷೆಯಲ್ಲಿ ಪಾಸಾಗಿದ್ದರು. ವಾಚು ಬಿಚ್ಚಿದರು. ಚಿಮಟ ಜಾರಿತು. ಕೂದಲೆಳೆಯಂಥ ಸ್ಪ್ರಿಂಗು ಸಿಕ್ಕುಸಿಕ್ಕಾಯಿತು. ಅದಕ್ಕೆ ಬೇರೆ ಸ್ಪ್ರಿಂಗು ಎಲ್ಲೂ ಸಿಗುವಂತಿರಲಿಲ್ಲ.

"ಹೋಗ್ಲಿ ಬುಡಿ ಸಾಹೇಬ್ರೆ, ಅದಕ್ಕೂ ವಯಸ್ಸಾಯ್ತು" ಎಂದರು ನರ್ಸಮ್ಮ.

"ವಾಚಿಗಲ್ಲಮ್ಮ. ನನ್ನ ಕೈಗೆ."

ಗೋಡೆಯಾಚೆಯಿಂದ ನನಗೆಲ್ಲ ಕೇಳಿಸಿತು. ಎದ್ದು ಹೋಗಿ ತಪ್ಪು ನನ್ನದು ಎನ್ನಬೇಕಿತ್ತು. ಕೂತೇ ಇದ್ದೆ... ಈಗಲೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಸ್ವಲ್ಪ ಹೊತ್ತಿಗೆ ಅವರೇ ಬಂದರು. ಒಂದು ಕೈಯಲ್ಲಿ ಗೇಮು, ಇನ್ನೊಂದರಲ್ಲಿ ಸೆಕೆಂಡು ಅಳೆಯುವ ವಾಚು. ಎರಡನ್ನೂ ಮೇಜಿನ ಮೇಲಿಟ್ಟು ಒಟ್ಟಿಗೆ ಒತ್ತಿದರು. ಹಣ್ಣು ಬಿದ್ದಾಗಲೆಲ್ಲ ಬೀಪ್ ಸದ್ದು. ನಿಮಿಷಕ್ಕೆ ಎಷ್ಟು ಬೀಳಬೇಕಿತ್ತು, ಎಷ್ಟು ಬೀಳುತ್ತಿದೆ ಎಂದು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಜೀವಮಾನವಿಡೀ ಟಿಕ್ ಟಿಕ್ ಕೇಳಿದ ಮನುಷ್ಯನಿಗೆ ನಾನು ಕಾಲದ ವಿಚಾರದಲ್ಲೇ ಟೋಪಿ ಹಾಕಲು ಹೊರಟಿದ್ದೆ!

"ಮೂರನೇ ದಿನಾನೇ ನನ್ನ ಕಿವಿ ಹೇಳ್ತು ಕಣಪ್ಪ. ನಾನೇ ಕೇಳ್ಲಿಲ್ಲ. ಕೈ ಸರಿಯಾಯ್ತು ಅಂತ ನಂಬ್ಬೇಕು ಅನ್ಸ್‌ಬುಡ್ತು."

"ಈಗ್ಲೇ ತೆಗೆದುಬುಡ್ತೀನಿ ಸಾಹೇಬ್ರೆ."

"ಇರ್ಲಿ ಬುಡು. ಇನ್ನ ಇದರ ಕೆಲ್ಸ ಏನೈತೆ?"

ತಿಂಗಳೊಳಗೆ ಅಂಗಡಿ ಖಾಲಿ ಮಾಡಿದರು. ಆಮೇಲೂ ಚಹಾಕ್ಕೆ ಬರುತ್ತಿದ್ದರು, ನನ್ನ ಗಾರೆ ಕೆಲಸವನ್ನು ಛೇಡಿಸುತ್ತಿದ್ದರು. ಆ ಮಾತು ಮಾತ್ರ ಮತ್ತೆ ಎತ್ತಲಿಲ್ಲ. ಕ್ಷಮೆ ಕೇಳುವುದನ್ನು ನಾನು ನಾಳೆ, ನಾಡಿದ್ದು ಎಂದು ತಳ್ಳಿದೆ. ಒಂದು ಶುಕ್ರವಾರ ಅವರ ಶವ ಹೊತ್ತ ಜನಾಜಾ ನಮ್ಮ ಬೀದಿಯಲ್ಲೇ ಹಾದುಹೋಯಿತು.

ಹೋದ ವಾರ ಆ ರೆಸಿಸ್ಟರ್ ಕಿತ್ತೆ. ಹಸಿರು ಕೆರೆದು ಹೊಸ ಸೆಲ್ಲು ಹಾಕಿದೆ. ಮಗಳು ಬಂದು ಆಡಿ ನೋಡಿದಳು, ಕಣ್ಣು ಮಿಟುಕಿಸುವುದರಲ್ಲಿ ಸೋತಳು.

"ಚಿಕ್ಕವಳಿದ್ದಾಗ ನಾನು ಆಡೋವಾಗ ಇಷ್ಟು ಜೋರಿರ್ಲಿಲ್ಲ ಅಂಕಲ್. ಒಂಚೂರು ನಿಧಾನ ಮಾಡಿಕೊಡಿ."

"ಮಾಡಬೋದು ಕಣಮ್ಮ. ಮಾಡಲ್ಲ."

ತಮಾಷೆ ಅಂದುಕೊಂಡು ನಕ್ಕಳು. ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳ ತಂದೆಗೆ ಹೇಳಬೇಕಾಗಿದ್ದ ಕ್ಷಮೆಯ ಮಾತನ್ನೂ ಅವಳಿಗೇ ಹೇಳಿದೆ. ಅವಳು ಗೇಮನ್ನು ಕೈಗೆತ್ತಿಕೊಂಡಳು. ಮತ್ತೊಮ್ಮೆ ಆಡಿದಳು, ಮತ್ತೆ ಸೋತಳು.

"ನಮ್ಮ ಅಬ್ಬಾ ಇಷ್ಟು ಜೋರಲ್ಲಿ ಆಡ್ತಿದ್ರಾ?"

"ದಿನಾ ಬೆಳಿಗ್ಗೆ" ಎಂದೆ. ತಂದೆಯ ಆ ಕೈಯನ್ನು ಅವಳು ಕಂಡೇ ಇರಲಿಲ್ಲ. ಕಂಡವನು ಈ ಬೀದಿಯಲ್ಲಿ ಈಗ ನಾನೊಬ್ಬನೇ.