ಮೊದಲ ಸಲ ಕೊಂಡ ಮಣಿ

ನನ್ನ ಕೈಯಲ್ಲೇ ಏನೋ ಐಬು ಇದೆ ಎಂದು ನಾನು ಹದಿನೆಂಟು ದಿನ ನಂಬಿದ್ದೆ. ಹಾಗೆ ನಂಬಿಸಿದವರ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಬಿಪಿ ಮಾತ್ರೆ ನುಂಗುವ ವಯಸ್ಸಾಯಿತು, ಹಳೆಯದನ್ನೆಲ್ಲ ಬಿಟ್ಟುಬಿಡು ಎಂದು ಮನೆಯವರು ಹೇಳುತ್ತಾರೆ. ಬಿಡುವುದಿಲ್ಲ. ಯಾಕೆ ಬಿಡಬೇಕು?

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಅಫಜಲಪುರದಲ್ಲಿತ್ತು. ಅಪ್ಪ ಕನ್ನಡ ಸಾಲಿ ಮಾಸ್ತರ. ಸುಳ್ಳು ಹೇಳಬಾರದು, ಕಳವು ಮಾಡಬಾರದು ಎಂದು ದಿನಾ ಮಕ್ಕಳಿಗೆ ವಚನ ಬಾಯಿಪಾಠ ಮಾಡಿಸುತ್ತಿದ್ದ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಜೇವರ್ಗಿ ಕಡೆಯ ಒಂದು ಹಳ್ಳಿಯ ದವಾಖಾನೆಯಲ್ಲಿ ನರ್ಸ್. ಇಪ್ಪತ್ತಮೂರಕ್ಕೇ ಎಷ್ಟೋ ಹೆರಿಗೆ ಮಾಡಿಸಿದ ಕೈ ಅದು. ನಾನು ಮೆಟ್ರಿಕ್‌ನಲ್ಲಿ ಗಣಿತ ನಪಾಸಾಗಿ ಮನೆಯಲ್ಲಿ ಕೂತಿದ್ದೆ.

ಅಕ್ಕನನ್ನು ನೋಡಲು ಆಳಂದದಿಂದ ಬೀಗರಾಗುವವರು ಬಂದರು. ಕಿರಾಣಿ ಅಂಗಡಿಯ ಮನೆತನ. ಹುಡುಗ ಹೆಚ್ಚು ಮಾತಾಡಲಿಲ್ಲ. ಮಾತೆಲ್ಲ ಆಡಿದವಳು ಅವನ ಸೋದರತ್ತೆ. ಅವಲಕ್ಕಿ ತಿಂದು ಮುಗಿಸಿ, ಕೈ ತೊಳೆದುಕೊಂಡು ಬಂದು ಕೇಳಿದಳು:

"ಹುಡುಗಿ ಕೈಕೆಲಸ ಏನೇನು ಮಾಡ್ಯಾಳ್ರಿ ಮಾಸ್ತರ?"

ಅಕ್ಕ ಬಾಯಿ ತೆಗೆಯುವುದರೊಳಗೆ ಅಪ್ಪ ಹೇಳಿದ, "ಎಲ್ಲಾ ಬರ್ತದ್ರಿ ಅಕಿಗೆ. ಮಣಿ ತೋರಣ, ಮಣಿ ಚೀಲ, ಗಿಳಿ, ನವಿಲು. ಲಗ್ನದಾಗ ನೀವೇ ನೋಡ್ರಿ."

"ಹಂಗಾದ್ರ ರುಖವತ ಭಾರಿ ಇರ್ತದ ಅನ್ರಿ."

ರುಖವತ ಎಂದರೆ ಮದುವೆಯ ದಿನ ಹೆಣ್ಣಿನ ಕಡೆಯವರು ಹಾಸಿ ತೋರಿಸುವ ಸಾಮಾನು. ಲಡ್ಡು, ಚಕ್ಕುಲಿ, ಅದರ ಜೊತೆಗೆ ಮದುಮಗಳು ತನ್ನ ಕೈಯಾರೆ ಮಾಡಿದ ಕಸೂತಿ, ಮಣಿ ಕೆಲಸ. ನಮ್ಮ ಕಡೆ ಮರಾಠಿಯವರಿಂದ ಬಂದ ರೂಢಿ. ಬೀಗರ ಹೆಂಗಸರು ಒಂದೊಂದನ್ನೂ ಕೈಯಲ್ಲಿ ಎತ್ತಿ, ತಿರುಗಿಸಿ ನೋಡುತ್ತಾರೆ.

ಅವರು ಹೋದ ಮೇಲೆ ಅಕ್ಕ ಹೇಳಿದಳು, "ಅಪ್ಪಾ, ನನಗ ಮಣಿ ಪೋಣಿಸಾಕ ಬರಂಗಿಲ್ಲ. ಯಾಕ ಹಂಗ ಹೇಳ್ದಿ?"

"ಬರಲಿಲ್ಲಂದ್ರ ಏನಾತು? ನಿನ್ನ ತಂಗಿ ಖಾಲಿ ಕುಂತಾಳ, ಅಕಿ ಮಾಡ್ತಾಳ. ಗಣಿತ ಅಂತೂ ಬರಲಿಲ್ಲ, ಇದರೆ ಬರಲಿ."

ನಾನು ಅಲ್ಲಿಯವರೆಗೆ ಒಂದು ಮಣಿಯನ್ನೂ ಪೋಣಿಸಿದವಳಲ್ಲ. ಅದನ್ನು ಯಾರೂ ಕೇಳಲಿಲ್ಲ.

ಮುಂದಿನ ಹುಣ್ಣಿಮೆಗೆ ಅಪ್ಪ ಗಾಣಗಾಪುರಕ್ಕೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದ. ಗುಡಿಯ ಹಾದಿಯಲ್ಲಿ ಬಳೆ, ಕುಂಕುಮ, ರುದ್ರಾಕ್ಷಿ, ಮಣಿ ಮಾರುವ ಅಂಗಡಿಗಳ ಸಾಲು. ಒಂದು ಅಂಗಡಿಯ ಮುಂದೆ ನನ್ನನ್ನು ನಿಲ್ಲಿಸಿ, "ಏನು ಬೇಕೋ ತಗೋ, ನಾ ದರ್ಶನ ಮಾಡಿ ಬರ್ತೇನಿ" ಎಂದು ಹೋದ.

ಅಂಗಡಿಯವನು ಒಳ್ಳೆಯ ಮುಖದ ಮನುಷ್ಯ. ಹಣೆ ತುಂಬ ಗಂಧ. ಅವನ ಹಿಂದೆ ಗಾಜಿನ ಡಬ್ಬಿಗಳಲ್ಲಿ ಮಣಿಗಳು ಬಣ್ಣಬಣ್ಣವಾಗಿ ಹೊಳೆಯುತ್ತಿದ್ದವು. ಏನೆಂದು ಕೇಳಬೇಕೆಂದೇ ನನಗೆ ಗೊತ್ತಿರಲಿಲ್ಲ.

"ಎಂಥಾ ಮಣಿ ಬೇಕವಾ?"

"ತೋರಣ ಮಾಡೋ ಮಣಿರಿ."

ಅವನು ಒಂದು ಡಬ್ಬಿಯ ಮೇಲೆ ಕೈ ಇಟ್ಟ. ಇಟ್ಟು ಕೇಳಿದ, "ಹೊಸದಾಗಿ ಕಲ್ಯಾಕತ್ತೀಯೇನು?"

"ಹೌದ್ರಿ."

ಡಬ್ಬಿಯ ಮೇಲಿನ ಕೈ ತೆಗೆದ. ಬಗ್ಗಿ, ಕೂತ ಹಲಗೆಯ ಕೆಳಗಿಂದ ಒಂದು ಗೋಣಿಚೀಲ ಎಳೆದ. "ಕಲಿಯೋರಿಗೆ ಇದು ಸಾಕು" ಎನ್ನುತ್ತ ಕೆಂಪು, ಹಸಿರು, ಬಿಳಿ ಪ್ಲಾಸ್ಟಿಕ್ ಮಣಿಗಳನ್ನು ಬೊಗಸೆಯಿಂದ ತೆಗೆದು ಪುಡಿಕೆ ಕಟ್ಟಿದ. ಪೋಣಿಸಲು ತಂಗೂಸಿ ಕೇಳಿದ್ದಕ್ಕೆ ಹಳದಿಗಟ್ಟಿದ ನೈಲಾನ್ ದಾರದ ಸುರುಳಿ ಕೊಟ್ಟ. ಆ ಕೈ ಮೇಲಿಂದ ಕೆಳಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅದರ ಅರ್ಥ ಮಾತ್ರ ಹೊಳೆಯಲಿಲ್ಲ.

ಮನೆಗೆ ಬಂದು ಕೂತೆ. ಚೌಕದ ಗೆರೆಗಳಿದ್ದ ನನ್ನ ಗಣಿತದ ನೋಟುಬುಕ್ಕಿನಲ್ಲಿ ಗಿಳಿಯ ಚಿತ್ರ ತೆಗೆದೆ, ಒಂದು ಮನೆಗೆ ಒಂದು ಮಣಿ ಎಂದು ಲೆಕ್ಕ ಹಿಡಿದೆ. ಮೊದಲ ಮಣಿ ಹೋಯಿತು, ಎರಡನೆಯದು ಹೋಯಿತು, ಮೂರನೆಯದರಲ್ಲಿ ದಾರ ತೂರಲಿಲ್ಲ. ಸೂಜಿಯಿಂದ ಚುಚ್ಚಿದರೆ ಸೂಜಿಯೇ ಬಾಗಿತು. ನಾಲ್ಕು ಸಾಲು ಕಷ್ಟಪಟ್ಟು ಮಾಡಿದರೆ ಒಂದು ಸಾಲು ಉದ್ದ, ಒಂದು ಸಾಲು ಗಿಡ್ಡ; ಗಿಳಿಯ ಹೊಟ್ಟೆ ಸೊಟ್ಟಗಾಗಿ ಅದು ಕೋಳಿಯ ಹಾಗೆ ಕಂಡಿತು. ಬೆವರಿದ ಬೆರಳಿಗೆ ಕೆಂಪು ಹತ್ತಿ ಬಿಳಿ ಮಣಿಯೆಲ್ಲ ಗುಲಾಬಿಯಾದವು. ಎಳೆದು ಗಂಟು ಹಾಕಿದರೆ ದಾರ ಟಪ್ ಎಂದು ಹರಿದು, ಒಂದು ಮುಂಜಾನೆಯ ಕೆಲಸ ಅಂಗಳದ ತುಂಬ ಉರುಳಿಹೋಯಿತು.

"ಇಕಿ ಕೈಯೇ ಜಡ" ಎಂದ ಅಪ್ಪ.

ಅವ್ವ ನೆಲದ ಮೇಲಿನ ಮಣಿ ಆರಿಸುತ್ತ, "ಇಕಿ ಕೈಯಾಗ ಯಾವುದೂ ನಿಲ್ಲಂಗಿಲ್ಲ ಬಿಡ್ರಿ" ಎಂದಳು.

ದಿನಾ ಬಿಚ್ಚಿದೆ, ದಿನಾ ಪೋಣಿಸಿದೆ. ಒಂದು ದಿನ ಸಿಟ್ಟು ತಡೆಯಲಾರದೆ ನನ್ನ ಬಲಗೈಯನ್ನು ನಾನೇ ಗೋಡೆಗೆ ಬಡಿದೆ. ಬೆರಳಿನ ಗೆಣ್ಣು ಬಾತುಕೊಂಡಿತು. ಇದನ್ನು ನೆನೆದಾಗಲೆಲ್ಲ ಮೈ ಉರಿಯುತ್ತದೆ. ತಪ್ಪು ಯಾರದೋ, ಪೆಟ್ಟು ತಿಂದದ್ದು ನನ್ನ ಕೈ.

ಹದಿನೆಂಟನೆಯ ದಿನ ನಾವು ಖಾಲಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಹೆಂಗಸು ಮಜ್ಜಿಗೆ ಕೇಳಲು ಬಂದಳು. ಮದುವೆಯ ಓಢಣಿಗಳಿಗೆ ಜರಿ, ಮಣಿ ಹಚ್ಚಿಕೊಡುವುದೇ ಅವಳ ಹೊಟ್ಟೆಪಾಡು. ನನ್ನ ಬಾತ ಬೆರಳು ನೋಡಿ, ಮಡಿಲಲ್ಲಿದ್ದ ಮಣಿಯ ತಾಟು ನೋಡಿ ಪಕ್ಕದಲ್ಲೇ ಕೂತಳು. ಒಂದು ಮಣಿ ಎತ್ತಿ ಬಿಸಿಲಿಗೆ ಹಿಡಿದಳು.

"ಇದು ಅಂಧಾ ಅದ ಬೇ. ಕಣ್ಣು ಮುಚ್ಚ್ಯಾದ ಇದರದು." ಇನ್ನೊಂದು ಎತ್ತಿದಳು. "ಇದೂ." ದಾರವನ್ನು ಹಲ್ಲಿನಲ್ಲಿ ಕಡಿದು ಎಳೆದಳು, ಹರಿಯಿತು. "ಇದು ಬಿಸಿಲಾಗ ಇಟ್ಟು ಇಟ್ಟು ಸತ್ತ ತಂಗೂಸಿ. ಯಾರು ಕೊಟ್ಟರು ನಿನಗ ಇದು?"

"ನನ್ನ ಕೈ ಸರಿ ಇಲ್ಲ ಖಾಲಾ."

"ಯಾರಂದ್ರು? ಕೈ ಛಲೋನೇ ಅದ. ಮಾಲು ಖರಾಬ್ ಅದ."

ನಾನು ಅತ್ತುಬಿಟ್ಟೆ. ದುಃಖಕ್ಕಲ್ಲ. ಸಿಟ್ಟು ಬಂದಾಗ ನನಗೆ ಅಳುವೇ ಮೊದಲು ಬರುತ್ತದೆ, ಈಗಲೂ.

ಖಾಲಾ ನನ್ನನ್ನು ತನ್ನ ಅಂಗಳಕ್ಕೆ ಎಳೆದುಕೊಂಡು ಹೋಗಿ ತನ್ನ ಡಬ್ಬಿ ತೆಗೆದು ಮುಂದಿಟ್ಟಳು. ಮಣಿ ಕೊಳ್ಳುವಾಗ ಬಣ್ಣ ಆಮೇಲೆ ನೋಡು, ಮೊದಲು ತೂತು ನೋಡು ಎಂದಳು. ಹತ್ತು ಮಣಿ ದಾರಕ್ಕೆ ಹಾಕಿ, ಇನ್ನೊಂದು ಹತ್ತು ಹಾಕಿ, ಎರಡೂ ಎಳೆ ಪಕ್ಕಕ್ಕೆ ಹಿಡಿ. ಉದ್ದ ಒಂದೇ ಇದ್ದರೆ ಮಾತ್ರ ಆ ಮಣಿ ತೋರಣಕ್ಕೆ ಆಗುತ್ತದೆ. ಬಿಳಿ ಅರಿವೆ ಒದ್ದೆ ಮಾಡಿ ಮಣಿ ತಿಕ್ಕು. ಬಣ್ಣ ಬಿಟ್ಟರೆ ಅಲ್ಲೇ ಬಿಟ್ಟು ಬಾ. ಕೊನೆಗೆ ಊದುಬತ್ತಿ ಹಚ್ಚಿ, ಗಂಟಿನ ತುದಿಗೆ ಅದರ ಕೆಂಡ ತಾಗಿಸಿ ತೋರಿಸಿದಳು. ಒಳ್ಳೆಯ ತಂಗೂಸಿ ಕರಗಿ ಗುಂಡಗೆ ಅಂಟಿ ಕೂತಿತು. ನನ್ನ ದಾರ ಕಪ್ಪಾಗಿ ಪುಡಿಯಾಯಿತು. ನನ್ನ ಕೆಂಪು ಮಣಿ ಎರಡನ್ನು ಕೆಂಡಕ್ಕೆ ತಾಗಿಸಿದರೆ ಒಂದಕ್ಕೊಂದು ಅಂಟಿಕೊಂಡು ಚಪ್ಪಲಿ ಸುಟ್ಟಂಥ ವಾಸನೆ ಬಂತು. "ಹಳೇ ಬಕೆಟ್ ಕರಗಿಸಿ ಮಾಡ್ಯಾರ" ಎಂದು ಖಾಲಾ ಮೂಗು ಮುಚ್ಚಿಕೊಂಡಳು.

ಎರಡು ದಿನ ಬಿಟ್ಟು, ಅವ್ವನನ್ನು ಹೇಗೋ ಒಪ್ಪಿಸಿ, ಖಾಲಾನ ಜೊತೆ ಗಾಣಗಾಪುರದ ಬಸ್ಸು ಹತ್ತಿದೆ. ಪುಡಿಕೆಗಳೆಲ್ಲ ಮಡಿಲಲ್ಲಿದ್ದವು. ದಾರಿಯುದ್ದಕ್ಕೂ ಏನು ಅನ್ನಬೇಕೆಂದು ಮನಸ್ಸಿನಲ್ಲೇ ಜಗಳಾಡುತ್ತ ಬಂದೆ. "ನಾ ಮಾತಾಡಂಗಿಲ್ಲ" ಎಂದು ಖಾಲಾ ಮೊದಲೇ ಹೇಳಿದ್ದಳು. "ನಿನ್ನ ಮಾಲು, ನೀನೇ ಕೇಳು."

ಅಂಗಡಿಯ ಮುಂದೆ ಸೊಲ್ಲಾಪುರ ಕಡೆಯ ಯಾತ್ರಿಕರು ನಿಂತಿದ್ದರು. ನಾನು ಪುಡಿಕೆಗಳನ್ನು ಹಲಗೆಯ ಮೇಲಿಟ್ಟೆ.

"ಈ ಮಣಿಗೆ ತೂತಿಲ್ರಿ. ಬದಲಿ ಕೊಡ್ರಿ."

ಅವನು ಪುಡಿಕೆ ಬಿಚ್ಚಿಯೂ ನೋಡಲಿಲ್ಲ. "ಒಮ್ಮೆ ಬಿಚ್ಚಿದ್ದು ವಾಪಸ್ ಇಲ್ಲವಾ. ನಿನಗ ಪೋಣಿಸಾಕ ಬರಲಿಲ್ಲಂದ್ರ ಮಣಿ ಏನು ಮಾಡ್ತದ?"

ಮತ್ತೆ ಅದೇ ಮಾತು. ಆಮೇಲೆ ಏನು ಹೇಳಬೇಕೆಂದು ಯೋಚಿಸಿದ್ದೆಲ್ಲ ಮರೆತುಹೋಯಿತು. ಗಿರಾಕಿಗಳಿಗೆಂದು ಇಟ್ಟಿದ್ದ ನೀರಿನ ತಂಬಿಗೆಯಲ್ಲಿ ನನ್ನ ಬಿಳಿ ಕರವಸ್ತ್ರ ಅದ್ದಿದೆ. ಒಂದು ಮುಷ್ಟಿ ಕೆಂಪು ಮಣಿ ಅದರಲ್ಲಿ ಹಾಕಿ, ಎಲ್ಲರ ಮುಂದೆ ತಿಕ್ಕಿದೆ. ಕರವಸ್ತ್ರದ ಮೇಲೆ ಎಲೆ ಅಡಿಕೆ ಉಗುಳಿದಂಥ ಕಲೆ ಬಿತ್ತು. ಅದನ್ನು ಹಲಗೆಯ ಮೇಲೆ ಹಾಸಿದೆ.

"ಇದಕ್ಕೂ ನನ್ನ ಕೈಯೇ ಕಾರಣ ಏನ್ರಿ? ಕಲಿಯಾಕತ್ತೇನಿ ಅಂದ ಕೂಡಲೆ ಮ್ಯಾಲಿನ ಡಬ್ಬಿ ಬಿಟ್ಟು ಕೆಳಗಿನ ಚೀಲಾ ಎಳದ್ರಿ. ಹೌದೋ ಅಲ್ಲೋ ಹೇಳ್ರಿ."

ಅವನಿಗೆ ಸಿಟ್ಟು ಬರಲಿಲ್ಲ. ಅದೇ ನನಗೆ ಇನ್ನೂ ಚುಚ್ಚುವುದು. ಸಮಾಧಾನವಾಗಿ ಹೇಳಿದ, "ಹೌದವಾ. ಕಲಿಯೋರು ಹೆಂಗೂ ಕೆಡಸ್ತಾರ. ಛಲೋ ಮಾಲು ಯಾಕ ಕೆಡಿಸಬೇಕು?" ತಾನು ಹೇಳಿದ್ದು ನ್ಯಾಯ ಎಂದೇ ಅವನು ತಿಳಿದಿದ್ದ.

ಮಾತಾಡುವುದಿಲ್ಲ ಎಂದಿದ್ದ ಖಾಲಾ ಆಗ ಬಾಯಿ ತೆಗೆದಳು. "ಕಲಿಯೋ ಹುಡುಗಿಗೇ ಛಲೋ ಮಾಲು ಬೇಕು ಸೇಠ್. ನನ್ನಂಥಾಕಿ ಖರಾಬ್ ಮಾಲಿನಾಗೂ ಹೆಂಗರೆ ಮಾಡಿ ಮುಗಸ್ತಾಳ. ಅಕಿಗೆ ತಪ್ಪು ಮಾಲಿಂದೋ ಕೈಯಿಂದೋ ಅಂತ ಹ್ಯಾಂಗ ತಿಳೀಬೇಕು?"

ಯಾತ್ರಿಕರಲ್ಲಿ ಒಬ್ಬಳು ತಾನು ಆರಿಸಿಟ್ಟಿದ್ದ ಮಣಿಸರವನ್ನು ವಾಪಸ್ ಇಟ್ಟಳು. ಅದನ್ನು ನೋಡಿದ ಮೇಲೆಯೇ ಅವನು ಗಾಜಿನ ಡಬ್ಬಿಗಳನ್ನು ಕೆಳಗಿಳಿಸಿದ. ನಾಚಿಕೆಯಿಂದಲ್ಲ. ನಾನು ನೆಲದ ಮೇಲೆ ಕೂತು ಒಂದೊಂದು ಬಣ್ಣವನ್ನೂ ಬಿಸಿಲಿಗೆ ಹಿಡಿದು, ಹತ್ತು ಹತ್ತು ಪೋಣಿಸಿ, ತಿಕ್ಕಿ, ದಾರ ಕಚ್ಚಿ ನೋಡಿ ಆರಿಸಿದೆ. ಅವನು ಕೈಕಟ್ಟಿ ಕೂತಿದ್ದ. ನಾನು ಒಂಚೂರೂ ಅವಸರ ಮಾಡಲಿಲ್ಲ.

ಆ ಮಣಿಗಳಿಂದ ಒಂದೂವರೆ ತಿಂಗಳಲ್ಲಿ ಆರು ಗಿಳಿಗಳ ತೋರಣ ಮುಗಿಸಿದೆ, ಒಂದು ಕೈಚೀಲವನ್ನೂ ಮಾಡಿದೆ. ಮೊದಲ ಗಿಳಿ ಒಂದು ವಾರ ಹಿಡಿಯಿತು. ಕೊನೆಯದು ಎರಡು ದಿನ.

ಮದುವೆ ನಮ್ಮ ಊರಲ್ಲೇ ಆಯಿತು. ಹಿಂದಿನ ಸಂಜೆ ಪಡಸಾಲೆಯಲ್ಲಿ ಮಂಚ ಹಾಕಿ, ಬಿಳಿ ಚಾದರ ಹಾಸಿ ರುಖವತ ಜೋಡಿಸಿದರು. ಅಪ್ಪ ತನ್ನ ಮುತ್ತಿನಂಥ ಅಕ್ಷರದಲ್ಲಿ ಒಂದು ರಟ್ಟಿನ ಮೇಲೆ ಅಕ್ಕನ ಹೆಸರು ಬರೆದು, ಕೆಳಗೆ "ವಧುವಿನ ಕೈಕೆಲಸ" ಎಂದು ಬರೆದು ತೋರಣದ ಮೇಲೆ ಪಿನ್ನು ಚುಚ್ಚಿದ.

"ಹೆಸರು ಹಾಕಬ್ಯಾಡ ಅಪ್ಪಾ. ಸುಮ್ಮನ ಇಡು ಸಾಕು" ಎಂದೆ.

"ನಿನ್ನ ಲಗ್ನದಾಗ ನಿನ್ನ ಹೆಸರು ಬರೀತೇನಿ. ಈಗ ಸುಮ್ಮನಿರು."

ಮರುದಿನ ಅಕ್ಷತೆ ಬಿದ್ದ ಮೇಲೆ ಬೀಗರ ಹೆಂಗಸರು ಮಂಚದ ಸುತ್ತ ನೆರೆದರು. ಸೋದರತ್ತೆ ತೋರಣ ಎತ್ತಿ ಹಿಂದೆ ಮುಂದೆ ನೋಡಿದಳು. ಗಂಟು ಹುಡುಕಿದಳು, ಸಿಗಲಿಲ್ಲ. ಅಕ್ಕನನ್ನು ಕೇಳಿದಳು, "ದವಾಖಾನಿ ನೌಕರಿ ಮಾಡಿ ಇಷ್ಟೆಲ್ಲಾ ಯಾವಾಗ ಮಾಡಿದೆವಾ?"

ಬಾಸಿಂಗ ಕಟ್ಟಿದ ಹಣೆ ಎತ್ತಿ ಅಕ್ಕ ಹೇಳಿದಳು, "ನಾ ಮಾಡಿದ್ದಲ್ರಿ ಅತ್ತಿ. ನನ್ನ ತಂಗಿ ಮಾಡ್ಯಾಳ. ನಾ ಸೂಜಿ ಹಿಡಿಯೋದು ಮಂದಿ ತೋಳಿಗೆ ಅಷ್ಟೇ."

ಮದುಮಗ ಪಕ್ಕಕ್ಕೆ ತಿರುಗಿ ನಕ್ಕದ್ದು ನನಗೆ ಕಂಡಿತು. ಅಪ್ಪ ಮುಂದೆ ಬಂದು, ತಾನೂ ನಗುತ್ತ, "ಅಕಿಗೆ ತಂಗಿ ಮ್ಯಾಲ ಜೀವರಿ. ಎಲ್ಲಾ ಹೆಸರು ತಂಗಿಗೇ ಬರಲಿ ಅಂತಾಳ" ಎಂದ. ಹೆಂಗಸರೆಲ್ಲ "ಅಯ್ಯ ಪಾಪ" ಎಂದು ಅಕ್ಕನ ಗಲ್ಲ ಸವರಿದರು. ಅವಳು ಆಡಿದ ನಿಜ ಅಷ್ಟು ಮಂದಿಯ ನಡುವೆ ನಮ್ಮ ಕಣ್ಣೆದುರೇ ಸುಳ್ಳಾಗಿಹೋಯಿತು. ಅಕ್ಕನ ಮುಖ ಕಪ್ಪಿಟ್ಟಿತು.

ನಾನು ಒಳಗೆ ಹೋಗಿ ಉಳಿದ ಮಣಿ, ಸೂಜಿ, ತಂಗೂಸಿ ತಂದೆ. ಸೋದರತ್ತೆಯ ಕಾಲ ಬಳಿ ನೆಲಕ್ಕೆ ಕೂತು, ಗಿಳಿಯ ಕೊಕ್ಕು ಹೆಣೆಯತೊಡಗಿದೆ. ಕೆಂಪು ಮೂರು, ಹಸಿರು ಎರಡು, ತಿರುವಿ ಮತ್ತೆ ಕೆಂಪು. ಅಪ್ಪ ಬಂದು ನನ್ನ ರಟ್ಟೆ ಹಿಡಿದ.

"ಬಿಡ್ರಿ ಮಾಸ್ತರ, ನೋಡಾಕತ್ತೇನಿ" ಎಂದಳು ಸೋದರತ್ತೆ. ಕೊಕ್ಕು ಮುಗಿಯುವವರೆಗೂ ನೋಡಿದಳು. ಆಮೇಲೆ ತೋರಣಕ್ಕೆ ಚುಚ್ಚಿದ್ದ ರಟ್ಟು ಕಿತ್ತು ಅಪ್ಪನ ಕೈಗೆ ಕೊಟ್ಟು, "ಊಟಕ್ಕ ಹೊತ್ತಾತು, ನಡೀರಿ" ಎಂದು ಎಲ್ಲರನ್ನೂ ಕರೆದುಕೊಂಡು ಹೋದಳು. ಮದುವೆ ಮುರಿಯಲಿಲ್ಲ. ಯಾರೂ ಸಾಯಲಿಲ್ಲ. ಅಕ್ಕ ನೌಕರಿ ಬಿಡಲಿಲ್ಲ, ಆ ಮನೆಯಲ್ಲಿ ಚೆನ್ನಾಗಿಯೇ ಬಾಳಿದಳು. ಹಾಗಿದ್ದರೆ ಅಷ್ಟೊಂದು ಸುಳ್ಳು ಯಾಕೆ ಬೇಕಾಗಿತ್ತು?

ಅಪ್ಪ ಮಳೆಗಾಲ ಮುಗಿಯುವವರೆಗೂ ನನ್ನೊಡನೆ ಮಾತಾಡಲಿಲ್ಲ. ಹೇಳಬೇಕಾದ್ದನ್ನು ಅವ್ವನ ಕೈಲಿ ಹೇಳಿಸುತ್ತಿದ್ದ. ಗಣಿತ ಕಟ್ಟಿ ಪಾಸಾದಾಗಲೂ ನನ್ನ ಕಡೆ ತಿರುಗಿ ನೋಡಲಿಲ್ಲ. ಮುಂದೆ ನಾನು ಇಪ್ಪತ್ತು ವರ್ಷ ಓಣಿಯ ಹುಡುಗಿಯರಿಗೆ ಮಣಿ ಕೆಲಸ ಕಲಿಸಿದೆ. ಮೊದಲ ವಾರ ಪೋಣಿಸಲು ಬಿಡುತ್ತಲೇ ಇರಲಿಲ್ಲ. ಸಾಮಾನು ಆರಿಸುವುದನ್ನಷ್ಟೇ ಕಲಿಸುತ್ತಿದ್ದೆ. ನನ್ನ ಬಾಯಿ ಭಾಳ ಬಿರುಸು ಎಂದು ಅವರ ತಾಯಂದಿರು ದೂರುತ್ತಿದ್ದರು. ಇರಲಿ.

ಅಪ್ಪ ಹಾಸಿಗೆ ಹಿಡಿದಾಗ ಸೇವೆ ಮಾಡಿದವಳು ನಾನೇ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ ಕೇಳಿಯೇಬಿಟ್ಟೆ, "ಅಪ್ಪಾ, ಅಕ್ಕ ಖರೇ ಹೇಳಿದ್ದನ್ನ ಯಾಕ ಸುಳ್ಳು ಮಾಡ್ದಿ ಅವತ್ತು?"

"ಲಗ್ನ ಆತಲ್ಲ? ಮತ್ತೇನು ನಿಂದು?" ಎಂದ.

ಬಟ್ಟಲಲ್ಲಿ ಉಳಿದ ಗಂಜಿ ಕುಡಿಸಿ, ಬಾಯಿ ಒರೆಸಿ, ಎದ್ದು ಅಂಗಳಕ್ಕೆ ಬಂದೆ. ಆ ದಿನ ಮತ್ತೆ ಅವನ ಕೋಣೆಗೆ ಹೋಗಲಿಲ್ಲ. ಅವ್ವನನ್ನು ಕಳಿಸಿದೆ.