ಅಡ್ಡಣಿಗೆ ಎಂದರೆ ಎಂತ?

ಕಳೆದ ವಾರ ಒಂದೇ ಒಂದು ಶಬ್ದ ನಮ್ಮ ಮನೆಯವರನ್ನೆಲ್ಲ ಸತಾಯಿಸಿತು. ಅಡ್ಡಣಗಿ!

ಹೇಳಿದ್ದು ನನ್ನ ಅತ್ತೆ. ಹುಬ್ಬಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ನಮ್ಮ ಎಡನೀರಿಗೆ ಬಂದವರು. ತುಳು ಕಲಿತರು, ಮಲಯಾಳ ಕಲಿತರು, ಇಲ್ಲಿಯವರೇ ಆಗಿಬಿಟ್ಟರು. ಹೋದ ತಿಂಗಳು ಸಣ್ಣದೊಂದು ಸ್ಟ್ರೋಕ್ ಆಯಿತು. ಕಾಲು ಸೋತಿತು, ಬಲಗೈಗೆ ನಡುಕ ಬಂತು. ಮಾತು ಬಹುತೇಕ ನಿಂತೇಹೋಯಿತು. (ಮಾತಿನಲ್ಲಿ ಅವರನ್ನು ಸೋಲಿಸಿದವರೇ ಇರಲಿಲ್ಲ!)

ಮಂಚದ ಮೇಲೆ ಕಾಲು ಚಾಚಿ ಕೂರುತ್ತಾರೆ. ನಾನು ಚಮಚದಲ್ಲಿ ಗಂಜಿ ತಿನ್ನಿಸಲು ಹೋದರೆ ಬಾಯಿ ಬಿಗಿದು ಮುಖ ತಿರುಗಿಸುತ್ತಾರೆ. ಆಮೇಲೆ ಅದೇ ಮಾತು, "ಅಡ್ಡಣಗಿ."

"ಅಡಿಕೆ ಇರಬಹುದು ಮಾರಾಯ್ತಿ" ಎಂದು ನನ್ನ ಗಂಡ ಎಲೆ, ಅಡಿಕೆ ತಂದಿಟ್ಟರು. ಅತ್ತೆ ಅದನ್ನು ದೂಡಿ ಅತ್ತೇಬಿಟ್ಟರು.

ಡಾಕ್ಟರು, "ತಿನ್ನದಿದ್ದರೆ ಮೂಗಿಗೆ ಟ್ಯೂಬ್ ಹಾಕಬೇಕಾದೀತು" ಎಂದರು.

ಕೊನೆಗೆ ಹುಬ್ಬಳ್ಳಿಯಲ್ಲಿರುವ ಅತ್ತೆಯ ತಂಗಿಗೆ ಫೋನ್ ಮಾಡಿದೆ. ಆ ಕಡೆಯಿಂದ ನಗು! "ಅಯ್ಯ, ಅಡ್ಡಣಗಿ ಗೊತ್ತಿಲ್ಲೇನವಾ? ಊಟದ ಗಂಗಾಳ ಇಡೂ ಮೂರು ಕಾಲಿನ ಸ್ಟ್ಯಾಂಡು. ಅಕ್ಕ ಸಣ್ಣಾಕಿ ಇದ್ದಾಗ ಅದರ ಮ್ಯಾಲೆ ಇಟ್ಕೊಂಡ ಉಣ್ಣತಿದ್ಲು."

ಆಗ ಹೊಳೆಯಿತು. ತಟ್ಟೆ ತೊಡೆಯ ಮೇಲಿದ್ದರೆ ನಡುಗುವ ಕೈ ಬಾಯಿಯವರೆಗೆ ಬರುವಷ್ಟರಲ್ಲಿ ಅನ್ನವೆಲ್ಲ ಚೆಲ್ಲುತ್ತದೆ. ತಟ್ಟೆಯನ್ನು ಎತ್ತರದಲ್ಲಿಡಿ, ನನ್ನ ಕೈಯಿಂದ ನಾನೇ ಉಣ್ಣುತ್ತೇನೆ ಎಂದು ಹೇಳುತ್ತಿದ್ದರು ಅತ್ತೆ!

ಈಗ ಅಡ್ಡಣಿಗೆ ಎಲ್ಲಿಂದ ತರುವುದು? ಬೋವಿಕಾನದ ಪಾತ್ರೆ ಅಂಗಡಿಯವರು ಆ ಹೆಸರನ್ನೇ ಕೇಳಿಲ್ಲ. ಪಕ್ಕದ ಮನೆಯ ಐಸಮ್ಮನ ಹತ್ತಿರ ಹೇಳಿಕೊಂಡೆ.

"ಮೂರು ಕಾಲಿನ ಸ್ಟ್ಯಾಂಡ್ ತಾನೇ? ನಮ್ಮಲ್ಲಿ ಹೂವಿನ ಚಟ್ಟಿ ಇಡುವಂಥದ್ದು ಉಂಟಲ್ಲ!" ಎಂದರು. ಚಟ್ಟಿ ಇಳಿಸಿ, ಸ್ಟ್ಯಾಂಡನ್ನು ತಿಕ್ಕಿ ತೊಳೆದು ಅವರೇ ಹೊತ್ತು ತಂದರು.

ಮಂಚದ ಮೇಲೆ ಹಲಗೆ ಹಾಕಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ತಟ್ಟೆ ಇಟ್ಟೆವು. ಈಗ ತಟ್ಟೆ ಅತ್ತೆಯ ಎದೆಯ ಎತ್ತರಕ್ಕೆ ಬಂತು. ಅತ್ತೆ ಅದರ ಅಂಚನ್ನು ಒಮ್ಮೆ ಸವರಿದರು. ಅನ್ನ ಕಲಸಿದರು. ಕೈ ನಡುಗಿತು, ಸ್ವಲ್ಪ ಚೆಲ್ಲಿತು. ಆದರೂ ತುತ್ತು ಬಾಯಿ ಸೇರಿತು. ಅಭ್ಯಾಸಬಲದಿಂದ ನಾನು ಚಮಚ ಎತ್ತಿಕೊಂಡರೆ, ಕೈಗೆ ರಪ್ಪೆಂದು ಒಂದು ಏಟು! ಐಸಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು.

ಟ್ಯೂಬಿನ ಮಾತು ಅಲ್ಲಿಗೇ ನಿಂತಿತು.

ವಯಸ್ಸಾದವರು ಏನೇನೋ ಬಡಬಡಿಸುತ್ತಾರೆ ಎನ್ನುವ ಮೊದಲು, ಅದು ಯಾವ ಊರಿನ ಮಾತು ಎಂದು ಒಮ್ಮೆ ವಿಚಾರಿಸಿದರೆ ಆಗದೇ?