ದೊಡ್ಡಪ್ಪ ಬರೆದ ಲಕ್ಷ್ಮಿ

ಹಳೇ ಚಿತ್ರಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಒಂದು ದಿನ ದೊಡ್ಡಮ್ಮ ಅಜ್ಜಂಪುರದಿಂದ ಬಸ್ಸಿನಲ್ಲಿ ತರೀಕೆರೆಯ ನನ್ನ ಮನೆಗೆ ಬಂದು, ಹಳೇ ಸೀರೆಯಲ್ಲಿ ಸುತ್ತಿದ್ದ ಹಲಗೆಯೊಂದನ್ನು ಬಿಚ್ಚಿದಳು. ದೊಡ್ಡಪ್ಪ ಬರೆದ ಲಕ್ಷ್ಮಿ. ಅವನು ಅಂಗಡಿ ಬೋರ್ಡು, ಲಾರಿ ನಂಬರು ಬರೆಯುತ್ತಿದ್ದವನು. ದೇವರನ್ನು ಬರೆದದ್ದು ಒಂದೇ ಸಲ, ಮದುವೆಯಾದ ವರ್ಷ, ಅವಳಿಗಾಗಿ, ಅದೇ ಬೋರ್ಡಿನ ಪೇಂಟಿನಲ್ಲಿ. ಲಕ್ಷ್ಮಿಯ ಮೂಗು ಥೇಟ್ ದೊಡ್ಡಮ್ಮನದೇ. ಅವನು ತೀರಿಕೊಂಡು ಆರು ವರ್ಷವಾಗಿತ್ತು.

ಗೂಡಿನಿಂದ ಬಿದ್ದು ಹಲಗೆ ಸೀಳಿತ್ತು, ಅದೂ ಮುಖದ ಮೇಲೇ. ಭಿನ್ನವಾದ ದೇವರನ್ನು ಪೂಜೆ ಮಾಡಬಾರದು, ಕೆರೆಗೆ ಬಿಡಬೇಕು ಅಂತ ಮನೆಯವರೆಲ್ಲ ಹೇಳಿದ್ದರಂತೆ. ಸರಿಮಾಡಿಕೊಟ್ಟರೆ ಮತ್ತೆ ಗೂಡಿನಲ್ಲಿಟ್ಟು ದೀಪ ಹಚ್ಚುತ್ತೇನೆ ಅಂದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಹಲಗೆ ಕೂಡಿಸಿದೆ, ಬಿರುಕು ತುಂಬಿದೆ, ಮೇಲೆ ನೀರಿನ ಬಣ್ಣ ಹಚ್ಚಿದೆ. ಆದರೆ ನಮ್ಮ ಕಸುಬಿಗೆ ಒಂದು ನೇಮವಿದೆ. ರಿಪೇರಿಯಾದ ಜಾಗ ಹತ್ತಿರದಿಂದ ನೋಡಿದರೆ ಗೊತ್ತಾಗಬೇಕು, ಬೇಕೆಂದಾಗ ನಮ್ಮ ಬಣ್ಣ ಅಳಿಸಲೂ ಬರಬೇಕು. ಬರೆದವನ ಹೆಸರಿನಲ್ಲಿ ನಾವು ಸುಳ್ಳು ಹೇಳಬಾರದು. ಹಾಗಾಗಿ ಬಿರುಕಿನ ಮೇಲಿನ ಬಣ್ಣವನ್ನು ಒಂದಿಷ್ಟು ತಿಳಿಯಾಗಿಯೇ ಬಿಟ್ಟೆ. ದೊಡ್ಡಪ್ಪನ ಕೈಗೆ ಗೌರವ ಕೊಟ್ಟೆ ಅಂತ ಹೆಮ್ಮೆ ಬೇರೆ.

ಅಜ್ಜಂಪುರಕ್ಕೆ ನಾನೇ ಒಯ್ದೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಮುಖದ ಮೇಲೆ ಮೆಲ್ಲಗೆ ಬೆರಳು ಎಳೆದಳು.

"ಗೆರೆ ಕಾಣ್ತದೆ ಕಣೇ."

ನೇಮವನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು.

"ನಿನ್ ವಿದ್ಯೆಗೆ ಅದು ಸರಿ ಇರ್ಬೋದು. ಹಿಂಗೆ ಕಂಡ್ರೆ ಭಿನ್ನವೇ ಅಲ್ವೇನೇ?"

ಅರ್ಧ ಗಂಟೆಯ ಕೆಲಸ, ಗೆರೆ ಇತ್ತೆಂದೇ ಗೊತ್ತಾಗದ ಹಾಗೆ ಮಾಡಿಕೊಡುತ್ತೇನೆ ಅಂದೆ. ಬೇಡವೆಂದಳು. ಮೊದಲೇ ಹಾಗೆ ಮಾಡಿ ತಂದಿದ್ದರೆ ನಂಬಿಬಿಡುತ್ತಿದ್ದಳಂತೆ. ಈಗ ಕಣ್ಣಾರೆ ಕಂಡಾಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ನನ್ನಂಥವಳಿಗೇ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಶುಕ್ರವಾರ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದು ಅಂತ ಕಾದು, ಶನಿವಾರ ಬೆಳಿಗ್ಗೆ ಅದನ್ನು ಬಿಡಲು ಇಬ್ಬರೂ ಕೆರೆಗೆ ಹೋದೆವು. ನೀರು ತಾಗಿದ್ದೇ ನನ್ನ ಬಣ್ಣ ಕರಗಿ, ಬಿರುಕಿನ ಗೆರೆ ಪೂರ್ತಿ ಎದ್ದು ಕಾಣಿಸಿತು. ದೊಡ್ಡಪ್ಪನ ಪೇಂಟಿಗೆ ಏನೂ ಆಗಲಿಲ್ಲ. ಮರದ ಹಲಗೆ, ಮುಳುಗಲೂ ಇಲ್ಲ. ತೇಲುತ್ತ ಅವಳ ಕಾಲ ಬಳಿಗೇ ವಾಪಸ್ಸು ಬಂತು.

"ಹೋಗಲ್ಲ ಅಂತಾರೆ ನೋಡು" ಅಂದಳು. ಅವಳು ಹಾಗೆ ಬಹುವಚನದಲ್ಲಿ ಮಾತಾಡುತ್ತಿದ್ದುದು ದೊಡ್ಡಪ್ಪನ ಬಗ್ಗೆ ಮಾತ್ರ.

ಆಮೇಲೆ ಬಗ್ಗಿ, ಎರಡೂ ಕೈಯಿಂದ ಹಲಗೆಯನ್ನು ದೂರ ತಳ್ಳಿದಳು.